ಅಂಗೈಯ ಬರಹದಿಂದ ರೂಬ್ರಿಕ್‌ವರೆಗೆ: ಕೋಲಾರ ಸೀಮೆಯಲ್ಲಿ ಕಲಿಕೆಯನ್ನು ಅಳೆದ ಬಗೆ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರವಾಗಲಿ, ಮಾಲೂರು, ಶ್ರೀನಿವಾಸಪುರದ ಯಾವುದೇ ಹಳ್ಳಿಯಾಗಲಿ, ಸರ್ಕಾರಿ ಶಾಲೆಗೆ ಹೋಗುವ ಮಗುವಿನ ಕಲಿಕೆ ಈಗ ವರ್ಷಕ್ಕೆ ಆರು ಸಲ ಕಾಗದಕ್ಕೆ ಇಳಿಯುತ್ತದೆ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಶಿಕ್ಷಕರ ಬಾಯಲ್ಲಿ ಇವು ಎಫ್‌ಎ ಮತ್ತು ಎಸ್‌ಎ. ಎಫ್‌ಎಯಲ್ಲಿ ಕಿರುಪರೀಕ್ಷೆಯ ಜೊತೆಗೆ ಚಟುವಟಿಕೆಗಳೂ ಇರುತ್ತವೆ: ಊರಿನ ಕೆರೆಯ ಬಗ್ಗೆ ಮಾಹಿತಿ ಕಲೆಹಾಕುವುದು, ಪ್ರಯೋಗ ಮಾಡಿ ತೋರಿಸುವುದು, ಕಥೆ ಹೇಳುವುದು, ನಕ್ಷೆ ಬರೆಯುವುದು. ಇಂಥ ಕೆಲಸಕ್ಕೆ ಸರಿ ಉತ್ತರ ಒಂದೇ ಇರುವುದಿಲ್ಲ. ಹಾಗಾಗಿ ಅಂಕ ಕೊಡಲು ಮಾನಕಗಳು ಬೇಕಾಗುತ್ತವೆ. ಯಾವ ಅಂಶಗಳನ್ನು ನೋಡಬೇಕು, ಪ್ರತಿ ಅಂಶದಲ್ಲೂ ಉತ್ತಮ ಎಂದರೇನು, ಸಾಧಾರಣ ಎಂದರೇನು, ಇವೆಲ್ಲ ಸೇರಿ ಒಟ್ಟು ಅಂಕ ಆಗುವುದು ಹೇಗೆ ಎಂದು ಮೊದಲೇ ಬರೆದಿಟ್ಟ ಪಟ್ಟಿಗೆ ರೂಬ್ರಿಕ್ ಎಂದು ಹೆಸರು. ಹೆಸರು ಈಚಿನದು. ಅದು ಬಿಡಿಸಲು ಹೊರಟ ತೊಡಕು ಮಾತ್ರ ಈ ಸೀಮೆಯಲ್ಲಿ ಇನ್ನೂರು ವರ್ಷಗಳಿಗೂ ಹಳೆಯದು.

ಸರ್ಕಾರಿ ಶಾಲೆ ಬರುವ ಮೊದಲು ಮಕ್ಕಳು ಅಕ್ಷರ ಕಲಿತದ್ದು ಐಗಳ ಮಠಗಳಲ್ಲಿ, ಕೂಲಿಮಠಗಳಲ್ಲಿ, ಮನೆಯ ಜಗಲಿಗಳ ಮೇಲೆ. ಆ ಶಾಲೆಗಳ ಒಳಗನ್ನು ವಿವರವಾಗಿ ತೋರಿಸುವ ದಾಖಲೆ ಕೋಲಾರದ್ದಲ್ಲ, ಬಳ್ಳಾರಿಯದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ನಾಡಶಾಲೆಗಳಿವೆ, ಏನು ಕಲಿಸುತ್ತಾರೆ ಎಂದು ವಿಚಾರಿಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ಉತ್ತರದಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕನ್ನಡವೂ ತೆಲುಗೂ ಹೀಗೆ ಹೆಣೆದುಕೊಂಡ ಸೀಮೆ ಎಂಬ ಕಾರಣಕ್ಕೆ ಆ ವರದಿ ಕೋಲಾರದ ಓದುಗರಿಗೂ ಹತ್ತಿರದ್ದಾಗಿ ಕಾಣುತ್ತದೆ.

ಕ್ಯಾಂಪ್‌ಬೆಲ್ ಬರೆದದ್ದರಲ್ಲಿ ಒಂದು ವಿವರ ವಿಶೇಷವಾಗಿ ಗಮನಿಸಬೇಕಾದದ್ದು. ಬೆಳಿಗ್ಗೆ ಶಾಲೆಗೆ ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯದಾಗಿ ಬಂದ ಮಗುವಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯ ಮಗುವಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯದಕ್ಕೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಮೆಟ್ಟಿಲುಗಳು ಸ್ಪಷ್ಟ, ಪ್ರತಿ ಮೆಟ್ಟಿಲಿನ ಫಲ ಎಲ್ಲ ಮಕ್ಕಳಿಗೂ ಮುಂಚೆಯೇ ಗೊತ್ತು, ಯಾವ ಐಗಳು ಅಳೆದರೂ ಫಲಿತಾಂಶ ಒಂದೇ. ರೂಬ್ರಿಕ್‌ನಿಂದ ಇಂದು ಬಯಸುವ ಗುಣಗಳಲ್ಲಿ ಬಹುಪಾಲು ಈ ಅಂಗೈಯ ಬರಹದಲ್ಲಿ ಇದ್ದವು. ಇರದಿದ್ದದ್ದು ಮುಖ್ಯವಾದ ಒಂದೇ. ಅದು ಅಳೆದದ್ದು ಯಾರು ಬೇಗ ಎದ್ದು ಬಂದರು ಎಂಬುದನ್ನು. ಯಾರು ಕಲಿತರು ಎಂಬುದನ್ನಲ್ಲ. ದೂರದ ಓಣಿಯ ಮಗು ಎಷ್ಟು ಜಾಣನಾಗಿದ್ದರೂ ಅದರ ಕೈಗೆ ಪೆಟ್ಟು ತಪ್ಪುತ್ತಿರಲಿಲ್ಲ. ಸುಲಭವಾಗಿ ಎಣಿಸಬಹುದಾದದ್ದು ಕಲಿಕೆಯ ಜಾಗದಲ್ಲಿ ಕೂತುಬಿಡುವ ಈ ದೋಷ ಮುಂದಿನ ಎರಡು ಶತಮಾನಗಳಲ್ಲೂ ರೂಪ ಬದಲಿಸಿ ಬದಲಿಸಿ ಮರಳಿತು.

ಕಲಿಕೆಯನ್ನೇ ಅಳೆಯುವ ಕ್ರಮ ಆ ಶಾಲೆಗಳಲ್ಲಿ ಇರಲಿಲ್ಲ ಎಂದಲ್ಲ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು, ಆಮೇಲೆ ಹಲಗೆ, ಕಡತ. ಮಗ್ಗಿ, ಲೆಕ್ಕ, ಕಾಗದ ಪತ್ರ ಓದುವುದು, ಪದ್ಯ ಬಾಯಿಪಾಠ. ಒಂದು ಹಂತದ ಪಾಠ ಒಪ್ಪಿಸಿದ ಮಗು ಮುಂದಿನ ಹಂತಕ್ಕೆ. ಒಪ್ಪಿಸಲಾರದ ಮಗು ಅಲ್ಲಿಯೇ. ವರ್ಷಕ್ಕೊಮ್ಮೆ ಎಲ್ಲರನ್ನೂ ಒಟ್ಟಿಗೆ ತೇರ್ಗಡೆ ಮಾಡುವ ಪದ್ಧತಿ ಇರಲಿಲ್ಲ. ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಹೇಳಿಕೊಡುತ್ತಿದ್ದರು. ಇದನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದ. ಅವನ ಆಕ್ಷೇಪವೂ ಅಷ್ಟೇ ಖಂಡಿತವಾಗಿತ್ತು: ಮಕ್ಕಳು ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆ. ಒಪ್ಪಿಸುವುದನ್ನೇ ಅಳತೆ ಮಾಡಿದಾಗ ಒಪ್ಪಿಸುವುದನ್ನಷ್ಟೇ ಕಲಿಯುವುದು ಸಹಜ.

ಮೈಸೂರು ಸೀಮೆಯಲ್ಲಿ ಶಿಕ್ಷಣ ಇಲಾಖೆ ಹುಟ್ಟಿದ್ದು 1857ರಲ್ಲಿ. ಶಾಸನಗಳ ವಿದ್ವಾಂಸನೆಂದು ಕನ್ನಡಿಗರು ನೆನೆಯುವ ಬಿ. ಎಲ್. ರೈಸ್ ಆ ಇಲಾಖೆಯ ಅಧಿಕಾರಿಯೂ ಆಗಿದ್ದ. 1868ರಲ್ಲಿ ಅವನ ಯೋಜನೆಯಂತೆ ಹೋಬಳಿಗೊಂದು ಶಾಲೆ ತೆರೆಯುವ ಕೆಲಸ ಶುರುವಾಗಿ ಸರ್ಕಾರದ ಶಾಲೆ ಹಳ್ಳಿಗಳತ್ತ ಬಂತು. ಅದರ ಜೊತೆಗೇ ಹೊರಗಿನಿಂದ ಬಂದು ಪರೀಕ್ಷಿಸುವ ಇನ್‌ಸ್ಪೆಕ್ಟರೂ ಬಂದರು. ಐಗಳು ತಾವು ಕಲಿಸಿದ ಮಗುವನ್ನು ತಾವೇ ನೋಡಿ ತೀರ್ಮಾನಿಸುತ್ತಿದ್ದರು. ಈಗ ಗುರುತಿಲ್ಲದ ಅಧಿಕಾರಿ ಒಂದು ಗಳಿಗೆಯಲ್ಲಿ ಶಾಲೆಯನ್ನೇ ತೂಗಬೇಕಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ 1862ರ ನಿಯಮದಂತೆ ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಪಾಸಾದ ಪ್ರಮಾಣಕ್ಕೆ ತಕ್ಕಂತೆ ಶಾಲೆಗೆ ಹಣ ಸಿಗುತ್ತಿತ್ತು. ಕೋಲಾರದ ಪಕ್ಕದ ಮದರಾಸು ಪ್ರಾಂತ್ಯದಲ್ಲೂ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬೇರೂರಿತು. ಮಗುವಿನ ಅಂಕಕ್ಕೂ ಮೇಷ್ಟರ ಅನ್ನಕ್ಕೂ ಗಂಟು ಬಿದ್ದಲ್ಲೆಲ್ಲ ಪಾಠ ಪರೀಕ್ಷೆಯ ಅಗಲಕ್ಕೆ ಕುಗ್ಗಿತು.

ಸಾರ್ವಜನಿಕ ಪರೀಕ್ಷೆಗಳ ಕಾಲದಲ್ಲಿ ಈ ಜಿಲ್ಲೆ ಕಂಡ ಇಬ್ಬರ ಕಥೆ ಅಳತೆಯ ಮಿತಿಯನ್ನು ಯಾವ ಸಿದ್ಧಾಂತಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಎಂ.ಎ. ಪಡೆದು, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯನ್ನೂ ಗೆದ್ದು ಅಧಿಕಾರಿಯಾದರು. ಮಾಸ್ತಿಯವರ ವಿಷಯದಲ್ಲಿ ಪರೀಕ್ಷೆಯ ತೀರ್ಪು ನಿಜವಾಯಿತು. 1983ರ ಜ್ಞಾನಪೀಠದವರೆಗೂ ಅದು ನಿಜವಾಗಿಯೇ ಉಳಿಯಿತು. ಗುಂಡಪ್ಪನವರ ವಿಷಯದಲ್ಲಿ ಅದು ಸಂಪೂರ್ಣ ತಪ್ಪಿತು. ಮೆಟ್ರಿಕ್ಯುಲೇಷನ್ ಆಗದ ಅವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. ಪ್ರತಿಭೆ ಹೇಗಿದ್ದರೂ ಬೆಳೆಯುತ್ತದೆ ಎಂದು ಇದರಿಂದ ಸಮಾಧಾನ ತಂದುಕೊಳ್ಳುವುದು ಸರಿಯಲ್ಲ. ಗುಂಡಪ್ಪನವರಿಗೆ ಪತ್ರಿಕೋದ್ಯಮ ಒದಗಿಬಂತು, ಅಸಾಧಾರಣ ಛಲವಿತ್ತು. ಅದೇ ಪರೀಕ್ಷೆಯಲ್ಲಿ ಉಳಿದುಹೋದ ಎಷ್ಟೋ ಹಳ್ಳಿ ಹುಡುಗರಿಗೆ ಅವೆರಡೂ ಇರಲಿಲ್ಲ, ಅವರ ಹೆಸರು ಎಲ್ಲಿಯೂ ಬರೆದಿಲ್ಲ.

ಅಂಕಗಳ ಮೇಲಿನ ನಂಬಿಕೆ ಲೋಕದ ಬೇರೆ ಕಡೆಗಳಲ್ಲಿ ಅಲುಗಿದ್ದೂ ಅದೇ ವರ್ಷಗಳಲ್ಲಿ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು 1912ರಲ್ಲಿ ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿಗಳನ್ನು ಬೇರೆ ಬೇರೆ ಶಾಲೆಗಳಿಗೆ ಕಳುಹಿಸಿದರು. 142 ಶಿಕ್ಷಕರು ತಿದ್ದಿದರು. ಒಂದೇ ಪತ್ರಿಕೆಗೆ ಕನಿಷ್ಠ 64, ಗರಿಷ್ಠ 98. ಇನ್ನೊಂದಕ್ಕೆ 50ರಿಂದ 97. ಭಾರತದ ಶಿಕ್ಷಣದ ಬಗ್ಗೆ 1929ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ಫಿಲಿಪ್ ಹಾರ್ಟಾಗ್, ಇಂಗ್ಲೆಂಡಿಗೆ ಮರಳಿ ರೋಡ್ಸ್ ಎಂಬವರ ಜೊತೆ 1935ರಲ್ಲಿ ಇನ್ನೂ ಕಟುವಾದ ಸತ್ಯವನ್ನು ಹೊರಗಿಟ್ಟ. ಇತಿಹಾಸದ 15 ಉತ್ತರ ಪತ್ರಿಕೆಗಳನ್ನು 14 ಪರೀಕ್ಷಕರು ಒಮ್ಮೆ ತಿದ್ದಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು ಮತ್ತೆ ತಿದ್ದಿದಾಗ, 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಇಬ್ಬರು ಪರೀಕ್ಷಕರು ಒಪ್ಪದಿರುವುದು ಒಂದು ಮಾತು. ಒಬ್ಬನೇ ಪರೀಕ್ಷಕ ತನ್ನ ತೀರ್ಪನ್ನು ತಾನೇ ಒಪ್ಪದಿರುವುದು ಇನ್ನೊಂದು.

ಅಂಕಗಳ ಇಂಥ ಏರುಪೇರಿಗೆ ಮದ್ದು ಹುಡುಕುವಾಗ ಹುಟ್ಟಿದವರು ಇಂದಿನ ರೂಬ್ರಿಕ್‌ನ ಪೂರ್ವಜರು. ಥಾರ್ನ್‌ಡೈಕ್ 1910ರಲ್ಲಿ ಕೈಬರಹದ ಮಾದರಿಗಳನ್ನು ಗುಣದ ಏರಿಕೆಯಲ್ಲಿ ಜೋಡಿಸಿ, ಮಗುವಿನ ಬರಹವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುವ ಮಾಪನಿ ಮಾಡಿದ. ಎರಡು ವರ್ಷದ ನಂತರ ಹಿಲೆಗಾಸ್ ಪ್ರಬಂಧಕ್ಕೂ ಅಂಥದನ್ನೇ ಮಾಡಿದ. ಆದರೆ ಬರವಣಿಗೆಯನ್ನು ಅಂಶಗಳಾಗಿ ಬಿಡಿಸಿ ನೋಡುವ ದಾರಿ ತೆರೆದದ್ದು 1961ರ ಡೀಡರಿಕ್, ಫ್ರೆಂಚ್, ಕಾರ್ಲ್‌ಟನ್ ಅವರ ಅಧ್ಯಯನ. 300 ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಗಳ 53 ಓದುಗರು ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿದರು. ನೂರಕ್ಕೆ 94 ಪ್ರಬಂಧಗಳಿಗೆ ಏಳು, ಎಂಟು ಅಥವಾ ಒಂಬತ್ತೂ ದರ್ಜೆಗಳು ಬಿದ್ದಿದ್ದವು. ಓದುಗರ ಷರಾಗಳನ್ನು ಜಾಲಾಡಿದಾಗ ಕಂಡದ್ದು, ಪ್ರತಿಯೊಬ್ಬರೂ ಬೇರೆ ಬೇರೆ ಗುಣಗಳಿಗೆ ಬೆಲೆ ಕೊಡುತ್ತಿದ್ದರು ಎಂಬುದು: ಒಬ್ಬರಿಗೆ ವಿಚಾರ, ಇನ್ನೊಬ್ಬರಿಗೆ ಕಟ್ಟಣೆ, ಮತ್ತೊಬ್ಬರಿಗೆ ಕಾಗುಣಿತ, ವ್ಯಾಕರಣ. ಮೌಲ್ಯಮಾಪಕರ ಮನಸ್ಸಿನಲ್ಲಿ ಹುದುಗಿದ ಈ ಅಳತೆಗಳನ್ನು ಹೊರತೆಗೆದು, ಎಲ್ಲರೂ ನೋಡುವಂತೆ ಕಾಗದದ ಮೇಲೆ ಇಡುವುದೇ ರೂಬ್ರಿಕ್ ಮಾಡುವ ಕೆಲಸ.

ಸ್ವತಂತ್ರ ಭಾರತದ ಆಯೋಗಗಳು ಪರೀಕ್ಷಾ ಸುಧಾರಣೆಯನ್ನು ಮೇಲಿಂದ ಮೇಲೆ ಹೇಳಿದವು. ವಿಶ್ವವಿದ್ಯಾನಿಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸಬೇಕೆಂದರೆ ಅದು ಪರೀಕ್ಷೆಗಳದ್ದೇ ಆಗಿರಬೇಕು ಎಂಬುದು 1948–49ರ ರಾಧಾಕೃಷ್ಣನ್ ಆಯೋಗದ ನಿಲುವು. ಲಕ್ಷ್ಮಣಸ್ವಾಮಿ ಮೊದಲಿಯಾರ್ ಆಯೋಗ 1952–53ರಲ್ಲಿ ಅಂಕಿಗಳ ಬದಲು ದರ್ಜೆಗಳನ್ನೂ ಮಗುವಿನ ವರ್ಷಪೂರ್ತಿಯ ದಾಖಲೆಯನ್ನೂ ಕೇಳಿತು. ಕಲಿಕೆಯ ಉದ್ದೇಶಗಳನ್ನು ವರ್ಗೀಕರಿಸಿದ ಬೆಂಜಮಿನ್ ಬ್ಲೂಮ್ 1957ರಲ್ಲಿ ಸಲಹೆಗಾರನಾಗಿ ಭಾರತಕ್ಕೆ ಬಂದ. ಮರುವರ್ಷ ದೆಹಲಿಯಲ್ಲಿ ಕೇಂದ್ರ ಪರೀಕ್ಷಾ ಘಟಕ ತೆರೆಯಿತು. ಇಂದಿಗೂ ಬಿ.ಎಡ್. ವಿದ್ಯಾರ್ಥಿಗಳು ಬರೆಯುವ ಪ್ರಶ್ನೆಪತ್ರಿಕೆಯ ನೀಲನಕ್ಷೆ, ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂಬ ಅದರ ಕಾಲಂಗಳು, ಆ ಕಾಲದ ಚಿಂತನೆಯ ಫಲ.

1966ರ ಕಾಯ್ದೆಯಂತೆ ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ರೂಪುಗೊಂಡ ಮೇಲೆ ಎಸ್‌.ಎಸ್‌.ಎಲ್‌.ಸಿ. ಮೌಲ್ಯಮಾಪನ ಒಂದು ದೊಡ್ಡ ಯಂತ್ರವಾಯಿತು. ಮಾದರಿ ಉತ್ತರ ಸಿದ್ಧವಾಗುತ್ತದೆ, ಅಂಕಗಳ ಹಂಚಿಕೆ ಗೊತ್ತಾಗುತ್ತದೆ, ಮೌಲ್ಯಮಾಪನ ಕೇಂದ್ರಗಳಲ್ಲಿ ಉಪ ಮುಖ್ಯ ಮೌಲ್ಯಮಾಪಕರು ತಿದ್ದಿದ ಪತ್ರಿಕೆಗಳನ್ನು ಮತ್ತೆ ನೋಡುತ್ತಾರೆ. ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆಯ ಛಾಯಾಪ್ರತಿ ಪಡೆಯಬಹುದು, ಮರು ಎಣಿಕೆ, ಮರು ಮೌಲ್ಯಮಾಪನ ಕೇಳಬಹುದು. ಹಾರ್ಟಾಗ್ ತೋರಿಸಿದ ಅಸ್ಥಿರತೆಗೆ ಇದು ತಕ್ಕಮಟ್ಟಿನ ಉತ್ತರ. ಆದರೆ ಕನ್ನಡ ಪತ್ರಿಕೆಯ ಪ್ರಬಂಧವನ್ನು ನೋಡಿದರೆ ಹಳೆಯ ದೋಷ ಮತ್ತೆ ಕಾಣಿಸುತ್ತದೆ. ಪೀಠಿಕೆಗೆ ಇಷ್ಟು, ವಿಷಯ ನಿರೂಪಣೆಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು. ಪತ್ರಲೇಖನದಲ್ಲಿ ‘ಇಂದ’, ‘ಗೆ’, ವಿಷಯ, ಒಕ್ಕಣೆ, ಸಹಿಗೆ ಇಷ್ಟಿಷ್ಟು. ಹಂಚಿಕೆ ಹೀಗಿರುವಾಗ ಚೌಕಟ್ಟು ಸರಿಯಿದ್ದರೆ ಅಂಕ ಬರುತ್ತದೆ, ಒಳಗಿನ ಮಾತು ಟೊಳ್ಳಾಗಿದ್ದರೂ ನಡೆಯುತ್ತದೆ. ಗೈಡುಗಳು ಆ ಚೌಕಟ್ಟನ್ನೇ ಮಾರುತ್ತವೆ, ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಅಂಕ ಕೊಡುವವರು ಒಬ್ಬರಿಗೊಬ್ಬರು ಒಪ್ಪುವಂತಾಯಿತು, ಒಳ್ಳೆಯ ಬರಹ ಯಾವುದೆಂಬ ಪ್ರಶ್ನೆ ಪಕ್ಕಕ್ಕೆ ಸರಿಯಿತು.

ಬೇರೆ ಬಗೆಯ ಅಳತೆ ಕೋಲಾರದ ಗಡಿಯಾಚೆಗೇ ಬೆಳೆದಿತ್ತು. ಆಂಧ್ರದ ಮದನಪಲ್ಲೆಯ ಬಳಿ, ಜಿಡ್ಡು ಕೃಷ್ಣಮೂರ್ತಿಯವರ ಚಿಂತನೆಯಲ್ಲಿ ನಡೆಯುವ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ, ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಗಳಿಗಾಗಿ ಕಾರ್ಡುಗಳ ಕಲಿಕಾ ಏಣಿಯನ್ನು ರೂಪಿಸಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಅದನ್ನು ನೋಡಿ ಬಂದು ನಲಿ-ಕಲಿಯನ್ನು ಕಟ್ಟಿದರು. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಹರಡತೊಡಗಿತು. ಶ್ರೀನಿವಾಸಪುರದ ಪಕ್ಕದಲ್ಲೇ ಇದ್ದ ವಿಚಾರ ಮೈಸೂರು ಸುತ್ತಿಕೊಂಡು ಕೋಲಾರಕ್ಕೆ ಬಂದಂತಾಯಿತು. ನಲಿ-ಕಲಿಯಲ್ಲಿ ಮಗು ಸಂಪೂರ್ಣ ಶಿಕ್ಷಕರ ಸಹಾಯದ ಗುಂಪಿನಿಂದ ಸ್ವಂತ ಕಲಿಕೆಯ ಗುಂಪಿನವರೆಗೆ ಐದು ತಟ್ಟೆಗಳಲ್ಲಿ ಚಲಿಸುತ್ತದೆ. ತನ್ನ ಮೆಟ್ಟಿಲು ಯಾವುದು ಎಂಬುದು ಮಗುವಿಗೇ ಗೊತ್ತು, ‘ಪ್ರಗತಿ ನೋಟ’ದಲ್ಲಿ ಅದು ದಾಖಲಾಗುತ್ತದೆ. ಹಂತ ಮುಗಿಯುವವರೆಗೆ ಕಾಯುವ ಐಗಳ ಮಠದ ಒಳ್ಳೆಯ ಗುಣವನ್ನು, ಬೆತ್ತವಿಲ್ಲದೆ, ಇದು ಮರಳಿ ತಂದಿತು. ಕರ್ನಾಟಕ ಪ್ರಾಥಮಿಕ ಶಿಕ್ಷಣದಲ್ಲಿ ಮಾಡಿದ ಅತಿ ಬೆಲೆಯುಳ್ಳ ಕೆಲಸಗಳಲ್ಲಿ ಇದೊಂದು ಎಂದು ಹೇಳಲೇಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಾನೂನಿನ ಮಾತಾಗಿಸಿತು. ರಾಜ್ಯದಲ್ಲಿ ಅದು 2014–15ರ ಹೊತ್ತಿಗೆ ಹತ್ತನೇ ತರಗತಿಯನ್ನೂ ತಲುಪಿತು: ಲಿಖಿತ ಪರೀಕ್ಷೆಗೆ 80, ಆಂತರಿಕ ಅಂಕ 20, ಪ್ರಥಮ ಭಾಷೆಗೆ 100 ಮತ್ತು 25, ಒಟ್ಟು 625. ಪ್ರೌಢಶಾಲೆಯಲ್ಲಿ ಪ್ರತಿ ಎಫ್‌ಎ 50 ಅಂಕದ್ದು: ಕಿರುಪರೀಕ್ಷೆಗೆ 20, ಎರಡು ಚಟುವಟಿಕೆಗಳಿಗೆ 15ರಂತೆ 30. ತಾಳೆಪಟ್ಟಿ, ದರ್ಜಾಮಾಪನಿ, ರೂಬ್ರಿಕ್ ಎಂಬ ಮಾತುಗಳು ಶಿಕ್ಷಕರ ತರಬೇತಿಯ ದಿನನಿತ್ಯದ ಮಾತುಗಳಾದವು.

ಕಾಗದದ ಮೇಲೆ ಬಂದದ್ದೆಲ್ಲ ತರಗತಿಗೆ ಬರಲಿಲ್ಲ. 15 ಅಂಕದ ಚಟುವಟಿಕೆಗೆ ಐದು ಮಾನಕ, ಪ್ರತಿಯೊಂದಕ್ಕೆ ಮೂರು ಅಂಕ: ‘ಭಾಗವಹಿಸುವಿಕೆ’, ‘ಆಸಕ್ತಿ’, ‘ಅಚ್ಚುಕಟ್ಟು’, ‘ಸಮಯಪಾಲನೆ’, ‘ವಿಷಯ ಸಂಗ್ರಹ’. ಇಂಥ ಪಟ್ಟಿಯಲ್ಲಿ ನಾಲ್ಕು ಅಂಶಗಳು ಮಗುವಿನ ನಡವಳಿಕೆಯನ್ನು ನೋಡುತ್ತವೆ, ಒಂದೇ ಒಂದು ಕಲಿಕೆಯನ್ನು. ಮೂರು ಅಂಕಕ್ಕೂ ಎರಡು ಅಂಕಕ್ಕೂ ಇರುವ ಅಂತರ ಏನೆಂದು ಅದರಲ್ಲಿ ಬರೆದಿರುವುದಿಲ್ಲ. ಅದೇ ಪಟ್ಟಿ ವಿಜ್ಞಾನಕ್ಕೂ, ಕನ್ನಡಕ್ಕೂ, ಸಮಾಜಕ್ಕೂ ಓಡುತ್ತದೆ. ಅಂಗಡಿಯಲ್ಲಿ ಸಿಗುವ ಚಾರ್ಟ್ ಅಂಟಿಸಿದ ಮಗುವಿಗೆ ‘ಅಚ್ಚುಕಟ್ಟು’ ಪೂರ್ತಿ ಸಿಗುತ್ತದೆ, ಅಜ್ಜನನ್ನು ಕೇಳಿ ಕೆರೆಯ ಕೋಡಿಯ ಬಗ್ಗೆ ಬರೆದ ಮಗುವಿನ ಮಸಿ ಹತ್ತಿದ ಹಾಳೆಗೆ ಕಡಿಮೆ. ಆಂತರಿಕ ಅಂಕ ಅಂತಿಮ ಫಲಿತಾಂಶಕ್ಕೆ ಕೂಡುವುದರಿಂದ ಕೈ ಬಿಚ್ಚಿ ಕೊಡುವ ಒತ್ತಡವೂ ಶಾಲೆಯ ಮೇಲಿದೆ. ಎಲ್ಲರಿಗೂ ಹೆಚ್ಚುಕಡಿಮೆ ಪೂರ್ತಿ ಅಂಕ ಬಿದ್ದಾಗ ಮಾನಕ ಏನನ್ನೂ ಬೇರ್ಪಡಿಸುವುದಿಲ್ಲ, ಮಗುವಿಗೆ ಏನನ್ನೂ ಹೇಳುವುದಿಲ್ಲ. ತಪ್ಪು ಶಿಕ್ಷಕರದೊಂದೇ ಅಲ್ಲ. ಎಲ್ಲ ವಿಷಯಗಳಿಗೂ ಒಬ್ಬಿಬ್ಬರೇ ಇರುವ ಶಾಲೆಯಲ್ಲಿ ದಾಖಲೆ ತುಂಬುವ ಕೆಲಸವೇ ಪಾಠದ ಸಮಯವನ್ನು ತಿನ್ನುತ್ತದೆ.

ರೂಬ್ರಿಕ್‌ನ ಗುಣವನ್ನು ಪರೀಕ್ಷಿಸುವುದು ಹೇಗೆಂಬುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಜಾನ್ಸನ್ ಮತ್ತು ಸ್ವಿಂಗ್‌ಬಿ 2007ರಲ್ಲಿ ಇಂಥ 75 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅಂಶಗಳನ್ನು ಬಿಡಿಬಿಡಿಯಾಗಿ ಹೇಳುವ, ಆಯಾ ಕೆಲಸಕ್ಕೆಂದೇ ಬರೆದ ರೂಬ್ರಿಕ್‌ಗೆ ಮಾದರಿ ಬರಹಗಳೂ ತಿದ್ದುವವರ ತರಬೇತಿಯೂ ಜೊತೆಯಾದರೆ ಅಂಕಗಳ ಏರುಪೇರು ತಗ್ಗುತ್ತದೆ ಎಂಬುದು ಅವರಿಗೆ ಕಂಡ ಸಂಗತಿ. ಆದರೆ ರೂಬ್ರಿಕ್ ಇದ್ದ ಮಾತ್ರಕ್ಕೆ ತೀರ್ಪು ಸರಿಯಾಗುವುದಿಲ್ಲ. ಏಕರೂಪದ ಅಂಕ ಬೇರೆ, ಸರಿಯಾದ ಅಂಕ ಬೇರೆ. ಸರಸ್ವತಿಯ ಹೆಸರು, ಸೊನ್ನೆ, ಪೆಟ್ಟುಗಳ ಹಳೆಯ ಕ್ರಮಕ್ಕೆ ಮೊದಲನೆಯದು ಪೂರ್ತಿ ಇತ್ತು, ಎರಡನೆಯದು ಇರಲಿಲ್ಲ.

ಕೋಲಾರ ಸೀಮೆಗೆ ಇನ್ನೊಂದು ಪರೀಕ್ಷೆಯೂ ಅಗತ್ಯ. ಇಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಮುಳಬಾಗಿಲು ಪೇಟೆಯ ಕೆಲವು ಕೇರಿಗಳಲ್ಲಿ ಉರ್ದು, ಚಿನ್ನದ ಗಣಿಯ ಕಡೆ ತಮಿಳು. ಶಾಲೆಯ ಭಾಷೆ ಕನ್ನಡ. ವಿಜ್ಞಾನದ ಚಟುವಟಿಕೆಯ ಮಾನಕದಲ್ಲಿ ‘ಶುದ್ಧ ಭಾಷೆಯಲ್ಲಿ ನಿರೂಪಣೆ’ ಎಂಬ ಸಾಲು ಸೇರಿದರೆ, ಬೀಜ ಮೊಳೆಯುವುದನ್ನು ದಿನವೂ ನೋಡಿ ಅರ್ಥಮಾಡಿಕೊಂಡ ತೆಲುಗು ಮನೆಯ ಮಗು ಬೀಜದ ಬಗ್ಗೆ ಅಲ್ಲ, ಕನ್ನಡದ ಬಗ್ಗೆ ಅಂಕ ಕಳೆದುಕೊಳ್ಳುತ್ತದೆ. ಕನ್ನಡವನ್ನು ಕನ್ನಡದ ಪಾಠದಲ್ಲಿ ಕಟ್ಟುನಿಟ್ಟಾಗಿ ಅಳೆಯಲಿ. ವಿಜ್ಞಾನದಲ್ಲಿ ನೋಡಬೇಕಾದದ್ದು ಗಮನಿಸಿದ್ದು ಏನು, ಅದರಿಂದ ತಿಳಿದದ್ದು ಏನು ಎಂಬುದನ್ನು. ಬೆಂಗಳೂರಿನಲ್ಲಿ ಬರೆದ ಮಾನಕವನ್ನು ಗಡಿ ತಾಲ್ಲೂಕುಗಳು ಹಾಗೆಯೇ ಒಪ್ಪಿಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕೆಲಸ ಮುಗಿದ ಮೇಲೆ ದಾಖಲೆಗೆಂದು ತುಂಬುವ ರೂಬ್ರಿಕ್‌ನಿಂದ ಮಗುವಿಗೆ ಪ್ರಯೋಜನವಿಲ್ಲ. ಚಟುವಟಿಕೆ ಕೊಡುವ ದಿನವೇ ಅದನ್ನು ಮಕ್ಕಳ ಮುಂದೆ ಓದಿ, ಹಿಂದಿನ ವರ್ಷದ ಎರಡು ಹಾಳೆಗಳನ್ನು ತೋರಿಸಿ ಯಾವುದು ಏಕೆ ಮೇಲು ಎಂದು ಅವರಿಂದಲೇ ಹೇಳಿಸಿದಾಗ ಅದು ಪಾಠದ ಭಾಗವಾಗುತ್ತದೆ. ಇದಕ್ಕೆ ಹೊಸ ಆದೇಶ ಬೇಕಾಗಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಈಗಾಗಲೇ ಇವೆ. ಅಲ್ಲಿ ಸುತ್ತೋಲೆ ಓದುವ ಸಮಯದಲ್ಲಿ ಒಂದು ಗಂಟೆ ತೆಗೆದು, ಹೆಸರು ಮರೆಮಾಡಿದ ಐದಾರು ಮಕ್ಕಳ ಬರಹಗಳನ್ನು ಎಲ್ಲ ಶಿಕ್ಷಕರೂ ಒಂದೇ ಮಾನಕದಿಂದ ತಿದ್ದಲಿ, ಅಂಕಗಳನ್ನು ಬೋರ್ಡಿನ ಮೇಲೆ ಬರೆದು ವ್ಯತ್ಯಾಸಕ್ಕೆ ಕಾರಣ ಚರ್ಚಿಸಲಿ, ಮಾನಕದ ಯಾವ ಸಾಲು ಗೊಂದಲ ಮಾಡಿತೋ ಆ ಸಾಲನ್ನು ಅಲ್ಲೇ ತಿದ್ದಲಿ. ದೇವರಾಯಸಮುದ್ರದ ಶಾಲೆಯಿಂದಲೇ ಇದನ್ನು ಶುರುಮಾಡಬಹುದು.